ಮುಚ್ಚಿದ ಬಾಗಿಲು, ಐದು ಡಾಲರ್ ಟಿಕೀಟು



ಈ ಸಂಚಿಕೆಯಲ್ಲಿ ಯುವಜನರಿಗಾಗಿ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಎಲ್ಲರೂ ಬರೆಯುವಂಥದ್ದನ್ನೇ ನಾನೂ ಬರೆಯಬಹುದಿತ್ತು. ಮನೆಯಲ್ಲಿ ಕನ್ನಡ ಮಾತಾಡಿ, ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿ ಬನ್ನಿ, ಅಜ್ಜಿಯಿಂದ ನಾಲ್ಕು ಹಾಡು ಕಲಿಯಿರಿ. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಇವನ್ನು ನೀವು ಎಷ್ಟು ಸಲ ಕೇಳಿದ್ದೀರಿ ಎಂಬುದು ನನಗೆ ಗೊತ್ತು. ನಾನೂ ನಿಮ್ಮ ಹಾಗೆಯೇ ಈ ಊರಿನಲ್ಲಿ ಹುಟ್ಟಿ, ರಾಜ್ಯೋತ್ಸವದ ಸಭೆಗಳಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಉಪಾಹಾರದ ಪೊಟ್ಟಣ ಯಾವಾಗ ಹಂಚುತ್ತಾರೆಂದು ಕಾಯುತ್ತ ಬೆಳೆದವನು.

ಆದ್ದರಿಂದ ಇವತ್ತು ಬೇರೆಯದೊಂದು ವಿಷಯ ಹೇಳುತ್ತೇನೆ. ಅಮೆರಿಕದ ವಾಷಿಂಗ್ಟನ್ ನಗರದ ನಾಲ್ಕು ಜನ ಸೇರಿ ಮಾಡಿದ ಒಂದು ಪಂಕ್ ರಾಕ್ ಧ್ವನಿಸುರುಳಿಯ ವಿಷಯ. ಆ ತಂಡದ ಹೆಸರು ಫುಗಾಜಿ. ಧ್ವನಿಸುರುಳಿಯ ಹೆಸರು 'ರಿಪೀಟರ್'. ಹೊರಬಂದದ್ದು 1990ರ ಏಪ್ರಿಲ್‌ನಲ್ಲಿ. ನಮ್ಮ ಸಂಘದ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಹಿರಿಯರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿದರೆ ಅವರಿಗೂ ತಿಳಿದೀತು. ಏಕೆಂದರೆ ಇದರಲ್ಲಿ ಅವರ ಪಾಲೂ ಇದೆ, ನನ್ನ ತಪ್ಪೂ ಇದೆ.

1993ರ ಮಾತು. ಆಗ ನಾವು ಡೊಂಬಿವಲಿಯ ಒಂದು ಚಾಳಿನಲ್ಲಿದ್ದೆವು. ಅಪ್ಪ ಗದಗಿನ ಕಡೆಯವರು, ರೈಲ್ವೆಯಲ್ಲಿ ಕೆಲಸ. ನನಗೆ ಇಪ್ಪತ್ತು ವರ್ಷ, ಕಾಲೇಜು ಮುಗಿಯುವುದರಲ್ಲಿತ್ತು. ನನ್ನ ಸೋದರಮಾವನ ಮಗ ಓದಲೆಂದು ಅಮೆರಿಕಕ್ಕೆ ಹೋಗಿದ್ದವನು ರಜೆಗೆ ಬಂದಾಗ ಎಲ್ಲರಿಗೂ ಏನೇನೋ ತಂದ. ಅವ್ವನಿಗೆ ಬಾದಾಮಿ, ಅಪ್ಪನಿಗೆ ಗಡ್ಡ ಕೆರೆಯುವ ಸಾಮಾನು. ನನಗೆ ಮಾತ್ರ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ಕೊಟ್ಟ. ಯಾರದೋ ಸಿ.ಡಿ.ಯಿಂದ ತಾನೇ ತುಂಬಿಸಿಕೊಂಡದ್ದು. ಮೇಲೆ ನೀಲಿ ಶಾಯಿಯಲ್ಲಿ ತಂಡದ ಹೆಸರು, ಹಾಡುಗಳ ಪಟ್ಟಿ. ಅಷ್ಟೇ. ನನಗೆ ಸ್ವಲ್ಪ ನಿರಾಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಾನು ಬೂಟು ಬರುತ್ತದೆ ಎಂದುಕೊಂಡಿದ್ದೆ!

ಆ ರಾತ್ರಿ ಟೇಪ್ ರೆಕಾರ್ಡರಿಗೆ ಹಾಕಿದೆ. ಮೊದಲು ಏನೂ ಕೇಳಿಸಲಿಲ್ಲ. ದೂರದಿಂದ ಲೋಕಲ್ ಗಾಡಿ ಬರುವಾಗ ಹಳಿ ಹಾಡುತ್ತದಲ್ಲ, ಹಾಗೊಂದು ಗಿಟಾರಿನ ಸದ್ದು ಮೆಲ್ಲಗೆ ಏರುತ್ತ ಬಂತು. ಇದ್ದಕ್ಕಿದ್ದಂತೆ ನಾಲ್ಕೂ ಜನ ಒಟ್ಟಿಗೆ ಬಾಗಿಲು ಒದ್ದು ಒಳಗೆ ಬಂದ ಹಾಗೆ ಹಾಡು ಶುರುವಾಯಿತು. ಒಲೆಯ ಮುಂದಿದ್ದ ಅವ್ವ ಗಾಬರಿಯಾಗಿ, "ಯಾರನ್ನ ಹೊಡ್ಯಾಕತ್ತಾರೋ ತಮ್ಮಾ? ಟೇಪ್ ಸಿಕ್ಕೊಂಡೈತೇನ ನೋಡು" ಎಂದಳು. ಟೇಪು ಸರಿಯಾಗಿಯೇ ಇತ್ತು. ಅದು ಇದ್ದದ್ದೇ ಹಾಗೆ.

ಪಂಕ್ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರಿಗೆ ನನಗಿಂತ ಹೆಚ್ಚು ಗೊತ್ತಿರಬಹುದು. ಹಿರಿಯರಿಗಾಗಿ ಎರಡು ಮಾತು. 1970ರ ದಶಕದ ನಡುವಿಗೆ ರಾಕ್ ಸಂಗೀತ ದೊಡ್ಡ ಕಂಪನಿಗಳ, ದೊಡ್ಡ ವೇದಿಕೆಗಳ, ಇಪ್ಪತ್ತು ನಿಮಿಷದ ಗಿಟಾರ್ ಕಸರತ್ತುಗಳ ಪಾಲಾಗಿತ್ತು. ಆಗ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಕೆಲವು ಹುಡುಗರು, ಮೂರು ಪಟ್ಟು ಹಿಡಿಯಲು ಬಂದರೆ ಸಾಕು, ಹಾಡು ಕಟ್ಟಬಹುದು ಎಂದು ಹೊರಟರು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ ಸಾಲ ಮಾಡಿ ತಮ್ಮ ನಾಲ್ಕು ಹಾಡುಗಳ ತಟ್ಟೆಯನ್ನು ತಾವೇ ಹೊರತಂದಿತು. ಕಂಪನಿಯವರು ಕರೆಯಲಿ ಎಂದು ಕಾಯಬೇಕಾಗಿಲ್ಲ ಎಂಬುದು ಅಲ್ಲಿಂದ ಬಹಳ ಜನಕ್ಕೆ ತಿಳಿಯಿತು.

ವಾಷಿಂಗ್ಟನ್ನಿನ ಕಥೆ 1980ರಲ್ಲಿ ಆರಂಭವಾಗುತ್ತದೆ. ಅಲ್ಲಿ ಟೀನ್ ಐಡಲ್ಸ್ ಎಂಬ ಶಾಲೆಯ ವಯಸ್ಸಿನ ಹುಡುಗರ ತಂಡವೊಂದಿತ್ತು. ಅದರಲ್ಲಿದ್ದವರು ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್. ಒಂದು ವರ್ಷ ಅಲ್ಲಿ ಇಲ್ಲಿ ನುಡಿಸಿ ತಂಡ ಮುರಿಯಿತು. ಕಾರ್ಯಕ್ರಮಗಳಲ್ಲಿ ಬಂದ ಚಿಲ್ಲರೆ ಹಣವನ್ನು ಅವರು ಹಂಚಿಕೊಂಡಿರಲಿಲ್ಲ, ಕೂಡಿಟ್ಟಿದ್ದರು. ಅದನ್ನು ಈಗಲೂ ಹಂಚಿಕೊಳ್ಳದೆ, ಒಂದು ಸಾವಿರ ಗಾನತಟ್ಟೆ ಅಚ್ಚು ಹಾಕಿಸಿದರು. ಹೊದಿಕೆಗೆ ಹಣ ಸಾಲದು. ಗೆಳೆಯರೆಲ್ಲ ಕೂತು ಕಾಗದ ಕತ್ತರಿಸಿ, ಮಡಿಸಿ, ಅಂಟು ಹಚ್ಚಿ ಕವರು ಮಾಡಿದರು. ನಮ್ಮ ಸಂಘದ ಬೆಳ್ಳಿಹಬ್ಬದ ಆಮಂತ್ರಣ ಪತ್ರಿಕೆಗಳನ್ನು ನಮ್ಮ ತಾಯಂದಿರು ಚಾಪೆಯ ಮೇಲೆ ಕೂತು ಮಡಿಸುತ್ತಿದ್ದದ್ದು ನನಗೆ ನೆನಪಾಗುತ್ತದೆ. ಹೀಗೆ ಹುಟ್ಟಿದ ಸಂಸ್ಥೆಯ ಹೆಸರು ಡಿಸ್ಕಾರ್ಡ್. ಅದು ಇಂದಿಗೂ ಇದೆ.

ಆ ಹುಡುಗರಿಗೆ ಇನ್ನೊಂದು ತೊಂದರೆಯಿತ್ತು. ಸಂಗೀತ ನಡೆಯುತ್ತಿದ್ದದ್ದು ಮದ್ಯ ಮಾರುವ ಜಾಗಗಳಲ್ಲಿ; ವಯಸ್ಸಾಗದವರಿಗೆ ಪ್ರವೇಶವಿಲ್ಲ. ಅವರು ಮಾಲೀಕರಿಗೆ ಒಂದು ಉಪಾಯ ಹೇಳಿದರು. ನಮ್ಮ ಅಂಗೈಯ ಹಿಂಭಾಗದಲ್ಲಿ ಕಪ್ಪು ಶಾಯಿಯಲ್ಲಿ ದೊಡ್ಡದಾಗಿ ಗುಣಾಕಾರದ ಗುರುತು ಬರೆಯಿರಿ, ಅದನ್ನು ಕಂಡವರಿಗೆ ಮದ್ಯ ಕೊಡಬೇಡಿ, ಒಳಗೆ ಮಾತ್ರ ಬಿಡಿ. ಕುಡಿಯುವುದಕ್ಕಲ್ಲ, ಕೇಳುವುದಕ್ಕೆ ಬಂದಿದ್ದೇವೆ ಎಂಬ ಅರ್ಥ. ಮುಂದೆ ಆ ಗುರುತು ಕುಡಿತ, ಮಾದಕ ದ್ರವ್ಯ ಬೇಡವೆನ್ನುವ ಯುವಕರ ಗುರುತಾಗಿ ಎಷ್ಟೋ ದೇಶಗಳಿಗೆ ಹರಡಿತು.

ಇದೇ ಇಯಾನ್ ಮೆಕಾಯ್ ನಡುವೆ ಮೈನರ್ ಥ್ರೆಟ್ ಎಂಬ ತಂಡ ನಡೆಸಿ, ಬಳಿಕ ಕಟ್ಟಿದ್ದು ಫುಗಾಜಿ. ಜೊತೆಗೆ ಬಾಸ್ ಗಿಟಾರಿಗೆ ಜೋ ಲಾಲಿ, ಡ್ರಮ್ಮಿಗೆ ಬ್ರೆಂಡನ್ ಕ್ಯಾಂಟಿ, ಇನ್ನೊಬ್ಬ ಹಾಡುಗಾರನಾಗಿ ಗೀ ಪಿಚಿಯೊಟ್ಟೊ. ಮೊದಲ ಕಾರ್ಯಕ್ರಮ 1987ರ ಸೆಪ್ಟೆಂಬರ್ 3ರಂದು. ಹೆಸರನ್ನು ವಿಯೆಟ್ನಾಂ ಯುದ್ಧದ ಸೈನಿಕರ ಆಡುಮಾತಿನಿಂದ ತೆಗೆದುಕೊಂಡರು. ಎಲ್ಲ ಕೆಟ್ಟುಹೋಯಿತು ಎಂಬ ಅರ್ಥದ ಮಾತು ಅದು.

ಇವರಿಗೆ ಮ್ಯಾನೇಜರ್ ಇರಲಿಲ್ಲ. ಕಾರ್ಯಕ್ರಮ ಗೊತ್ತುಮಾಡುವ ಏಜೆಂಟ್ ಇರಲಿಲ್ಲ. ಇಯಾನ್ ತಾನೇ ದೂರವಾಣಿ ಹಿಡಿದು ಕೂರುತ್ತಿದ್ದ. ಟಿಕೀಟು ಸಾಧ್ಯವಾದ ಕಡೆಯಲ್ಲೆಲ್ಲ ಐದು ಡಾಲರ್ ಮಾತ್ರ. ಯಾವ ವಯಸ್ಸಿನವರಿಗೂ ಪ್ರವೇಶ. ಗಾನತಟ್ಟೆಯ ಹಿಂದೆ ಅಂಚೆ ವೆಚ್ಚವೂ ಸೇರಿದ ಬೆಲೆಯನ್ನು ಅಚ್ಚು ಹಾಕಿಸುತ್ತಿದ್ದರು, ನಡುವಿನವರು ಹೆಚ್ಚು ಕೀಳಬಾರದೆಂದು. ತಂಡದ ಹೆಸರಿನ ಅಂಗಿ ಮಾರುತ್ತಿರಲಿಲ್ಲ. ಯಾರೋ ಜಾಣರು 'ಇದು ಫುಗಾಜಿ ಅಂಗಿಯಲ್ಲ' ಎಂದು ಬರೆದ ಅಂಗಿಯನ್ನೇ ಮಾರಿ ದುಡ್ಡು ಮಾಡಿಕೊಂಡರು! ಸ್ವಂತ ಊರಿನಲ್ಲಿ ನುಡಿಸಿದ್ದು ಹೆಚ್ಚಾಗಿ ಯಾವುದಾದರೂ ಸಾರ್ವಜನಿಕ ಕಾರ್ಯದ ಸಹಾಯಾರ್ಥವಾಗಿ, ಇಲ್ಲವೇ ಪ್ರತಿಭಟನೆಗಾಗಿ. 1991ರ ಜನವರಿಯ ಚಳಿಯಲ್ಲಿ, ಕೊಲ್ಲಿ ಯುದ್ಧ ಶುರುವಾಗುವ ಕೆಲವೇ ದಿನ ಮುಂಚೆ, ಶ್ವೇತಭವನದ ಎದುರಿನ ಉದ್ಯಾನದಲ್ಲಿ ನಿಂತು ನುಡಿಸಿದರು.

ಇಷ್ಟೆಲ್ಲ ಕೇಳಿ ಇವರು ಯಾರೋ ಸನ್ಯಾಸಿಗಳಿರಬೇಕೆಂದು ಪತ್ರಿಕೆಯವರೂ ಬರೆದರು. ಬರೀ ಅನ್ನ ತಿಂದುಕೊಂಡು ಚಳಿಗೆ ಬೆಂಕಿಯಿಲ್ಲದ ಮನೆಯಲ್ಲಿ ಇರುತ್ತಾರಂತೆ ಎಂಬ ಗಾಳಿಮಾತೂ ಇತ್ತು. ಹಾಗೇನೂ ಇರಲಿಲ್ಲ. 'ರಿಪೀಟರ್' ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅವರ ಊಟ ಬಟ್ಟೆಗೆ ಕೊರತೆಯಾಗಲಿಲ್ಲ. ದೊಡ್ಡ ಕಂಪನಿಗಳು ದೊಡ್ಡ ಮೊತ್ತ ಹಿಡಿದು ಬಂದಾಗ ಬೇಡ ಎಂದರು, ಅಷ್ಟೇ. ತಮ್ಮ ಕೆಲಸದ ಬೆಲೆ, ಸಮಯ, ಜಾಗ ಎಲ್ಲವನ್ನೂ ತಾವೇ ನಿರ್ಧರಿಸಬೇಕೆಂಬುದು ಅವರ ಹಟ.

ಇದನ್ನೆಲ್ಲ ಮಾವನ ಮಗನಿಂದ ಕೇಳಿ, ಉತ್ಸಾಹದಿಂದ ಅಪ್ಪನಿಗೆ ಹೇಳಿದೆ. ಅಪ್ಪ ಅಡಿಕೆ ಕತ್ತರಿಸುತ್ತ ಕೂತಿದ್ದವರು, "ನಮ್ಮ ಗಳಗನಾಥರು ಏನ ಮಾಡಿದ್ರು ಮತ್ತ? ತಾವ ಬರದು, ತಾವ ಅಚ್ಚ ಹಾಕಿಸಿ, ಗಂಟ ಕಟ್ಟಿ ಹೊತ್ಕೊಂಡು ಊರೂರು ತಿರುಗಿ ಮಾರಿದ್ರಂತ. ನಿನ್ನ ಅಮೆರಿಕಾದವರು ಹೊಸಾದೇನ ಮಾಡ್ಯಾರ?" ಎಂದರು. ನನಗೆ ಆಗ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಅಪ್ಪ ನನ್ನ ಉತ್ಸಾಹಕ್ಕೆ ನೀರು ಎರಚಿದ್ದಲ್ಲ. ತನಗೆ ತಿಳಿದ ರೀತಿಯಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತದ್ದು.

ಅದಿರಲಿ. ಇನ್ನು ಹಾಡುಗಳ ವಿಷಯಕ್ಕೆ ಬರುತ್ತೇನೆ. ಗಾನತಟ್ಟೆಯಲ್ಲಿ ಹನ್ನೊಂದು ಹಾಡುಗಳಿವೆ, ಎಲ್ಲ ಸೇರಿ ಸುಮಾರು ಮೂವತ್ತೈದು ನಿಮಿಷ. ನನ್ನ ಕ್ಯಾಸೆಟ್ಟಿನಲ್ಲಿ ಇನ್ನೂ ಮೂರು ಹೆಚ್ಚಿದ್ದವು, ಸಿ.ಡಿ.ಯಲ್ಲಿ ಸೇರಿಸಿದ್ದವು. ಮುದ್ರಿಸಿದ್ದು ಅರ್ಲಿಂಗ್ಟನ್ನಿನ ಇನ್ನರ್ ಇಯರ್ ಸ್ಟುಡಿಯೋದಲ್ಲಿ. ಡಾನ್ ಜಿಯೆಂಟಾರ ಎಂಬವರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಆರಂಭಿಸಿದ ಸ್ಟುಡಿಯೋ ಅದು. ವಾಷಿಂಗ್ಟನ್ನಿನ ಹುಡುಗರ ಎಷ್ಟೋ ತಂಡಗಳು ಅಲ್ಲೇ ಹಾಡಿದವು. 2021ರಲ್ಲಿ ಅದು ಮುಚ್ಚಿತು.

ಮೊದಮೊದಲು ನನಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿಗೂ ಈ ಕೂಗಿಗೂ ಸಂಬಂಧವೇ ಇರಲಿಲ್ಲ. ಆದರೆ ಬೇರೊಂದು ಸಂಗತಿ ಹಿಡಿದುಕೊಂಡಿತು. ಇಬ್ಬರು ಗಿಟಾರಿನವರು ಒಬ್ಬರ ಮೇಲೊಬ್ಬರು ಬೀಳದೆ, ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ನುಡಿಸುತ್ತಿದ್ದ. ಡ್ರಮ್ಮಿನವನು ಒಮ್ಮೊಮ್ಮೆ ಥಟ್ಟನೆ ನಿಂತುಬಿಡುತ್ತಿದ್ದ, ಆ ಮೌನದಲ್ಲಿ ಬಾಸ್ ಒಂದೇ ನಡೆಯುತ್ತಿತ್ತು. ಬರೀ ಗದ್ದಲವಾಗಿದ್ದರೆ ಎರಡು ದಿನಕ್ಕೆ ಬೇಸರ ಬರುತ್ತಿತ್ತು. ಇದು ಲೆಕ್ಕ ಗೊತ್ತಿದ್ದವರ ಸಿಟ್ಟು.

ಹಾಡಿನ ಅರ್ಥ ಆಮೇಲೆ, ವರ್ಷಗಳ ಮೇಲೆ, ಒಂದೊಂದಾಗಿ ತಿಳಿಯಿತು. 'ಮರ್ಚಂಡೈಸ್' ಎಂಬುದು, ನಾವು ಕೊಳ್ಳುವ ಸಾಮಾನೇ ನಾವಾಗುವುದರ ಬಗ್ಗೆ. 'ಗ್ರೀಡ್' ಹೆಸರೇ ಹೇಳುವಂತೆ ದುರಾಸೆಯ ಬಗ್ಗೆ. ಶೀರ್ಷಿಕೆಯ ಹಾಡು ಅವರ ಊರಿನದೇ ಕಥೆ. 1980ರ ದಶಕದ ಕೊನೆಯಲ್ಲಿ ವಾಷಿಂಗ್ಟನ್ನಿಗೆ ಕ್ರ್ಯಾಕ್ ಎಂಬ ಕೊಕೇನ್ ನುಗ್ಗಿತ್ತು. ಬೀದಿಬೀದಿಗೆ ಮಾರುವ ಹುಡುಗರು, ಗುಂಡಿನ ಕಾಳಗ. 1991ರ ಒಂದೇ ವರ್ಷದಲ್ಲಿ ಆ ನಗರದಲ್ಲಿ 480ರ ಆಸುಪಾಸು ಕೊಲೆಗಳಾದವು. ದಿನಪತ್ರಿಕೆಯಲ್ಲಿ ಅವರೆಲ್ಲ ಒಂದು ಅಂಕಿ. ಹೊಸ ದಿನ, ಹೊಸ ಅಂಕಿ. ಆ ಹಾಡಿನ ಬೆನ್ನಿಗಿರುವುದು ಈ ಮರುಕಳಿಕೆ.

ಗಾನತಟ್ಟೆಯ ಕೊನೆಯ ಹಾಡು 'ಷಟ್ ದ ಡೋರ್'. ಬಾಗಿಲು ಮುಚ್ಚು. ಉಳಿದವುಗಳ ಹಾಗಲ್ಲ, ನಿಧಾನ. ಬಾಸ್ ಒಂದೇ ಹೆಜ್ಜೆ ಹಾಕಿಕೊಂಡು ಬರುತ್ತದೆ, ಧ್ವನಿ ತಗ್ಗಿನಲ್ಲಿದೆ, ಆಮೇಲೆ ತಾಳಲಾರದೆ ಒಡೆಯುತ್ತದೆ, ಮತ್ತೆ ತಗ್ಗುತ್ತದೆ. ಮಾದಕ ದ್ರವ್ಯದಿಂದ ಆದ ಒಂದು ಸಾವಿನ ಹಾಡು ಅದು.

ಇದನ್ನು ಬರೆಯಲಿಕ್ಕೆಂದೇ ನಾನು ಇಷ್ಟು ಸುತ್ತಿ ಬಂದೆ.

ನಮ್ಮ ಚಾಳಿನಲ್ಲಿ, ನಮ್ಮಿಂದ ನಾಲ್ಕನೆಯ ಮನೆಯಲ್ಲಿ, ನನ್ನ ವಯಸ್ಸಿನ ಒಬ್ಬನಿದ್ದ. ಅವರೂ ಕನ್ನಡದವರೇ. ಚಿಕ್ಕಂದಿನಿಂದ ಜೊತೆಗೆ ಆಡಿದವರು, ಸಂಘದ ಮಕ್ಕಳ ನಾಟಕದಲ್ಲಿ ಒಂದೇ ಧೋತರ ಹರಿದು ಎರಡು ಮಾಡಿ ಉಟ್ಟವರು. ಅವನು ಕಾಲೇಜು ಬಿಟ್ಟು ಒಂದು ಮುದ್ರಣಾಲಯದಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಈ ಕ್ಯಾಸೆಟ್ಟನ್ನು ಚಾಳಿನಲ್ಲಿ ಮೆಚ್ಚಿದವನು ಅವನೊಬ್ಬನೇ. ರಾತ್ರಿ ಗ್ಯಾಲರಿಯಲ್ಲಿ ಕೂತು, ಧ್ವನಿ ಸಣ್ಣಗೆ ಮಾಡಿ ಕೇಳುತ್ತಿದ್ದೆವು. ನಾವೂ ಒಂದು ತಂಡ ಕಟ್ಟೋಣ ಎಂದು ಅವನೇ ಮೊದಲು ಹೇಳಿದ್ದು. ಕನ್ನಡದಲ್ಲೇ ಹಾಡೋಣ, ತಿಳಿದವರಿಗೆ ತಿಳಿಯಲಿ ಎನ್ನುತ್ತಿದ್ದ. ಗಿಟಾರು ಇಬ್ಬರ ಹತ್ತಿರವೂ ಇರಲಿಲ್ಲ ಎಂಬುದು ಬೇರೆ ಮಾತು.

ಆ ವರ್ಷಗಳಲ್ಲಿ ಮುಂಬಯಿಯಲ್ಲಿ ಬ್ರೌನ್ ಶುಗರಿನ ಹಾವಳಿ ಹೇಗಿತ್ತೆಂದು ನಿಮ್ಮ ತಂದೆತಾಯಿಗಳನ್ನು ಕೇಳಿ. ರೈಲು ನಿಲ್ದಾಣದ ಸೇತುವೆಯ ಕೆಳಗೆ ಗರ್ದುಲ್ಲಾಗಳು ಮುದುರಿ ಕೂತಿರುತ್ತಿದ್ದರು. ನಾವು ಮೂಗು ಮುಚ್ಚಿಕೊಂಡು ದಾಟುತ್ತಿದ್ದೆವು. ಅವನಿಗೆ ಅದು ಯಾವಾಗ ಹತ್ತಿತೋ ನನಗೆ ತಿಳಿಯಲಿಲ್ಲ. ಮೊದಲು ಕೆಲಸ ಹೋಯಿತು. ಆಮೇಲೆ ಮನೆಯ ತಾಮ್ರದ ಹಂಡೆ, ತಂಗಿಯ ಓಲೆ. ಕೈಗಡ ಕೇಳಲು ಬರುತ್ತಿದ್ದ. ಒಂದೆರಡು ಸಲ ಕೊಟ್ಟೆ. ಟೇಪ್ ರೆಕಾರ್ಡರಿನ ಮೇಲೆ ಅವನ ಕಣ್ಣು ಬಿದ್ದದ್ದು ಕಂಡು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

1994ರ ಮಳೆಗಾಲ. ಒಂದು ರಾತ್ರಿ ಹನ್ನೊಂದರ ಮೇಲೆ ಬಾಗಿಲು ಬಡಿದ. ನನ್ನ ಹೆಸರು ಹಿಡಿದು ಕರೆದ. ದನಿ ಗುರುತು ಸಿಕ್ಕಿತು. ಅವ್ವ ನಿದ್ದೆಗಣ್ಣಿನಲ್ಲಿ "ಯಾರೋ ತಮ್ಮಾ?" ಎಂದಳು. "ಯಾರೂ ಇಲ್ಲವ್ವಾ, ಗಾಳಿ" ಎಂದೆ. ಅವನು ಇನ್ನೆರಡು ಸಲ ಬಡಿದು ಹೋದ. ನಾನು ಹಾಸಿಗೆಯಿಂದ ಏಳಲಿಲ್ಲ. ಹದಿನೈದು ದಿನಗಳ ಮೇಲೆ ಅವನು ನಿಲ್ದಾಣದ ಹತ್ತಿರ ಸತ್ತುಬಿದ್ದದ್ದು ಸಿಕ್ಕಿತು. ಚಾಳಿನಲ್ಲಿ ಎಲ್ಲರೂ ಕಾಮಣಿ ಎಂದರು. ಸಂಘದ ಸಭೆಯಲ್ಲಿ ಎರಡು ನಿಮಿಷ ಮೌನ ಆಚರಿಸುವಾಗಲೂ ಅಲ್ಪಕಾಲದ ಅಸ್ವಸ್ಥತೆ ಎಂದೇ ಹೇಳಿದರು. ನಾನೂ ತಲೆ ಬಗ್ಗಿಸಿ ನಿಂತೆ. ಕಾಮಣಿ ಎಂದೇ ನಾನೂ ಜನಕ್ಕೆ ಹೇಳಿದೆ.

ಅವನು ಹೋದ ಕೆಲವು ತಿಂಗಳ ಮೇಲೆ ಕ್ಯಾಸೆಟ್ ಮತ್ತೆ ಹಾಕಿದಾಗ ಆ ಹಾಡಿನ ಹೆಸರು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಅದು ಮೊದಲಿನಿಂದಲೂ ಇತ್ತು. ನಾನು ಅದನ್ನು ಕೊನೆಯವರೆಗೆ ಕೇಳಲಿಲ್ಲ. ಮುಂದೆ ಎಂಟು ಹತ್ತು ವರ್ಷ ಆ ಕ್ಯಾಸೆಟ್ಟನ್ನು ಮುಟ್ಟಲಿಲ್ಲ.

ಈಗ ಕಳೆದ ವರ್ಷದ ಮಾತು. ನಿಮ್ಮಲ್ಲೇ ನಾಲ್ಕು ಜನ, ಮೂವರು ಹುಡುಗರು ಒಬ್ಬ ಹುಡುಗಿ, ನಮ್ಮ ಕಾರ್ಯಕಾರಿ ಸಮಿತಿಗೆ ಒಂದು ಅರ್ಜಿ ಕೊಟ್ಟಿರಿ. ಸಂಘದ ಚಿಕ್ಕ ಸಭಾಂಗಣವನ್ನು ತಿಂಗಳಿಗೊಂದು ಭಾನುವಾರ ಸಂಜೆ ಕೊಟ್ಟರೆ ನಿಮ್ಮ ತಂಡ ಅಲ್ಲಿ ಅಭ್ಯಾಸ ಮಾಡುತ್ತದೆ, ಎರಡು ತಿಂಗಳಿಗೊಮ್ಮೆ ಕಾರ್ಯಕ್ರಮ ಕೊಡುತ್ತದೆ, ಪ್ರವೇಶ ಶುಲ್ಕ ಇಪ್ಪತ್ತು ರೂಪಾಯಿ ಎಂದು. ಅರ್ಜಿ ಕನ್ನಡದಲ್ಲಿತ್ತು. ಒತ್ತಕ್ಷರದಲ್ಲಿ ಹದಿನೇಳು ತಪ್ಪುಗಳಿದ್ದವು. ಹದಿನೇಳು ಎಂದು ನನಗೆ ಹೇಗೆ ಗೊತ್ತೆಂದರೆ, ಸಭೆಯಲ್ಲಿ ಒಬ್ಬರು ಕೆಂಪು ಶಾಯಿಯಲ್ಲಿ ತಿದ್ದಿ ಎಣಿಸಿದರು. ಎಲ್ಲರೂ ನಕ್ಕರು.

ಆಮೇಲೆ ಚರ್ಚೆ. ಇದು ನಮ್ಮ ಸಂಸ್ಕೃತಿಯೇ? ಮೈಕು ಕೆಟ್ಟರೆ ಯಾರು ಹೊಣೆ? ಹೊರಗಿನ ಹುಡುಗರು ಬರುತ್ತಾರೆ, ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಾರೆ, ಯಾರಿಗೆ ಗೊತ್ತು ಇನ್ನೇನೇನು ಮಾಡುತ್ತಾರೋ. ಸುಗಮ ಸಂಗೀತವಾದರೆ ಸರಿ. ಇಪ್ಪತ್ತು ರೂಪಾಯಿಗೆ ವಿದ್ಯುತ್ ಬಿಲ್ಲೂ ಹುಟ್ಟುವುದಿಲ್ಲ. ಅಧ್ಯಕ್ಷರು ಎಲ್ಲರ ಮುಖ ನೋಡಿದರು. ನನ್ನ ಮುಖವನ್ನೂ ನೋಡಿದರು. ಆ ಕೋಣೆಯಲ್ಲಿ ಐದು ಡಾಲರ್ ಟಿಕೀಟಿನ ಕಥೆ ಗೊತ್ತಿದ್ದವನು ನಾನೊಬ್ಬನೇ. ಬಾಗಿಲ ಹೊರಗೆ ನಿಂತವನ ಕಥೆ ಗೊತ್ತಿದ್ದವನೂ ನಾನೇ. ನಾನು ಚಹಾದ ಕಪ್ಪು ನೋಡುತ್ತ ಕೂತೆ. 'ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು' ಎಂದು ಕಾರ್ಯದರ್ಶಿಗಳು ಬರೆದುಕೊಂಡರು. ಮುಂದಿನ ಸಭೆಯಲ್ಲಿ ಅದು ಬರಲೇ ಇಲ್ಲ. ನೀವೂ ಕೇಳಲಿಲ್ಲ. ನಿಮ್ಮಲ್ಲಿ ಇಬ್ಬರನ್ನು ಅಂದಿನಿಂದ ನಾನು ಸಂಘದಲ್ಲಿ ಕಂಡೇ ಇಲ್ಲ.

ಈ ಲೇಖನ ಬರೆಯುವ ಮುಂಚೆ ನಾನು ಒಂದು ಕಡೆ ಹೋಗಿ ಬಂದೆ. ನನ್ನ ಗೆಳೆಯನ ತಾಯಿ ಈಗ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಂಜು, ನೆನಪು ಚುರುಕಾಗಿದೆ. "ಕಾಕೂ, ಅವನ ಬಗ್ಗೆ ಬರೀಬೇಕಂತ ಮಾಡೀನಿ, ಹೆಸರು ಹಾಕೂದಿಲ್ಲ" ಎಂದೆ. ಆ ರಾತ್ರಿ ಬಾಗಿಲು ತೆಗೆಯದ ಸಂಗತಿಯನ್ನೂ ಹೇಳಿದೆ. ಮೂವತ್ತು ವರ್ಷಕ್ಕೂ ಹೆಚ್ಚಾಯಿತು, ಯಾರಿಗೂ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನಗ ಗೊತ್ತೈತಿ. ಅವತ್ತ ಎಲ್ಲಾರ ಬಾಗಲಾನೂ ಬಡದಿದ್ದ. ಯಾರೂ ತಗೀಲಿಲ್ಲ. ಕಡೀಕ ನಮ್ಮನೀಗೆ ಬಂದ. ನಾನೂ ಒಂದ ತಾಸು ತಗೀಲಿಲ್ಲಪಾ." ಆಮೇಲೆ, "ಬರಿ. ಕಾಮಣಿ ಅಂತ ಎಷ್ಟ ವರ್ಷ ಹೇಳ್ಕೋತ ಇರೂದು? ನನಗೂ ಸಾಕಾಗೇತಿ" ಎಂದರು.

ಮಿತ್ರರೇ, ಒಂದು ಸಭಾಂಗಣ ಕೊಟ್ಟಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಹೇಳುವುದಿಲ್ಲ. ಹಾಡು ಯಾರ ಚಟವನ್ನೂ ಬಿಡಿಸುವುದಿಲ್ಲ, ಅದಕ್ಕೆ ವೈದ್ಯರೂ ಔಷಧವೂ ಬೇಕು. ಅದು ರೋಗ, ನಾಚಿಕೆಯಲ್ಲ ಎಂದು ಗೊತ್ತಿರುವ ನೆರೆಹೊರೆಯೂ ಬೇಕು. ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಗೆಳೆಯರಿಗಾದರೂ ಅಂಥ ತೊಂದರೆಯಿದ್ದರೆ ಮನೆಯವರಿಗೆ ಹೇಳಲು ಹೆದರಿಕೆಯಾದರೆ ನನಗೆ ಹೇಳಿ. ನನ್ನ ಬಾಗಿಲು ಹನ್ನೊಂದರ ಮೇಲೂ ತೆಗೆಯುತ್ತದೆ.

ಆದರೆ ಆ ವಾಷಿಂಗ್ಟನ್ನಿನ ತಂಡ ಮಾಡುತ್ತಿದ್ದ ಒಂದು ಕೆಲಸ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕಾರ್ಯಕ್ರಮದಲ್ಲಿ ಯಾರಾದರೂ ದಾಂಡಿಗರು ಉಳಿದವರ ಮೇಲೆ ಬಿದ್ದು ನೋಯಿಸಿದರೆ ಇಯಾನ್ ಹಾಡನ್ನೇ ನಿಲ್ಲಿಸಿಬಿಡುತ್ತಿದ್ದ. ಸಮಾಧಾನದಿಂದ ಹೇಳುತ್ತಿದ್ದ. ಕೇಳದಿದ್ದರೆ ಆ ಮನುಷ್ಯನ ಕೈಗೆ ಲಕೋಟೆಯಲ್ಲಿ ಐದು ಡಾಲರ್ ಹಿಂದಕ್ಕೆ ಕೊಟ್ಟು ಹೊರಗೆ ಕಳುಹಿಸುತ್ತಿದ್ದರು. ಅದಕ್ಕೆಂದೇ ಲಕೋಟೆಗಳನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಿದ್ದರು. ಎಲ್ಲರಿಗೂ ಬಾಗಿಲು ತೆರೆದವರು ಒಳಗೆ ಬಂದವರ ಕಾಳಜಿಯನ್ನೂ ತಾವೇ ಹೊರಬೇಕೆಂದು ಅವರಿಗೆ ಗೊತ್ತಿತ್ತು. ನಮ್ಮ ಸಮಿತಿಯವರ ಹೆದರಿಕೆ ಪೂರ್ತಿ ಸುಳ್ಳಲ್ಲ. ಹೆದರಿಕೆಗೆ ಬೀಗ ಹಾಕುವುದೊಂದೇ ಉತ್ತರ ಎಂಬುದು ಮಾತ್ರ ಸುಳ್ಳು. ಯಾರಾದರೂ ದೊಡ್ಡವರು ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಂಡು ಕೂತರೆ ಆದೀತು.

ಫುಗಾಜಿ ತಂಡ 2002ರ ನವೆಂಬರ್ 4ರಂದು ಲಂಡನ್ನಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ನಿಂತಿತು. ಜಗಳವಾಡಿ ಮುರಿಯಲಿಲ್ಲ. ಮನೆಗಳಲ್ಲಿ ಮಕ್ಕಳು, ವಯಸ್ಸಾದ ತಂದೆತಾಯಿ, ಹೀಗೆ ಬೇರೆ ಕರೆಗಳಿದ್ದವು. ಅಷ್ಟರಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟಿದ್ದರು. ಅವುಗಳಲ್ಲಿ ಬಹಳಷ್ಟನ್ನು ಧ್ವನಿಮುದ್ರಿಸಿ ಇಟ್ಟಿದ್ದರು. 2011ರಿಂದ ಒಂದೊಂದಾಗಿ ಜನಕ್ಕೆ ಒದಗಿಸಿದರು. ಒಂದು ಕಾರ್ಯಕ್ರಮಕ್ಕೆ ಅವರು ಸೂಚಿಸಿದ ಬೆಲೆ ಅದೇ ಐದು ಡಾಲರ್!

ಅವರಂತೆ ಹಾಡಿ ಎಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಊರಿನ ಸಂಕಟವನ್ನು ತಮ್ಮ ಮಾತಿನಲ್ಲಿ ಹಾಡಿದರು. ನೀವು ನಿಮ್ಮದನ್ನು ಹಾಡಿ. ಅರ್ಧ ಕನ್ನಡ, ಅರ್ಧ ಮರಾಠಿ ಬೆರೆತ ಮಾತಾದರೂ ಚಿಂತೆಯಿಲ್ಲ. ನಿಮ್ಮ ಕನ್ನಡ ಸರಿಯಿಲ್ಲವೆಂದು ಯಾರಾದರೂ ನಕ್ಕರೆ ಬಾಯಿ ಮುಚ್ಚಿಕೊಳ್ಳಬೇಡಿ. ಮೂರು ಪಟ್ಟು ಗೊತ್ತಿದ್ದವರು ಮೂರರಲ್ಲೇ ಶುರುಮಾಡಿದರು, ನಾಲ್ಕನೆಯದು ನುಡಿಸುತ್ತ ನುಡಿಸುತ್ತ ಬಂತು. ಒತ್ತಕ್ಷರವೂ ಹಾಗೆಯೇ. ಅರ್ಜಿಯಲ್ಲಿ ಹದಿನೇಳು ತಪ್ಪಿದ್ದವು ನಿಜ. ಈ ಊರಿನಲ್ಲಿ ಹುಟ್ಟಿದ ನಾಲ್ಕು ಮಕ್ಕಳು ಯಾರೂ ಹೇಳದೆ ಒಂದೂವರೆ ಪುಟ ಕನ್ನಡ ಬರೆದಿದ್ದರು ಎಂಬುದನ್ನು ಆ ಸಭೆಯಲ್ಲಿ ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ. ಅದಕ್ಕಾಗಿ ನಿಮ್ಮ ನಾಲ್ವರ ಕ್ಷಮೆ ಕೇಳುತ್ತೇನೆ.

ನಿಮ್ಮ ಅರ್ಜಿಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಮತ್ತೆ ತರಬೇಕೆಂದು ಗೌರವ ಕಾರ್ಯದರ್ಶಿಗಳಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಮೈಕಿನ ಹೊಣೆ ನನ್ನದು, ವಿದ್ಯುತ್ ಬಿಲ್ಲಿನ ಅರ್ಧ ನನ್ನದು ಎಂದು ಬರೆದು ಸಹಿ ಮಾಡಿದ್ದೇನೆ. ಒಪ್ಪುತ್ತಾರೋ ಇಲ್ಲವೋ ನನಗೆ ತಿಳಿಯದು. ಒಪ್ಪದಿದ್ದರೆ ನಮ್ಮ ಕಟ್ಟಡದ ಗಚ್ಚಿಯಿದೆ, ಸೊಸೈಟಿಯವರನ್ನು ಕೇಳಿ ನೋಡೋಣ. ಆ ಸಭೆಗೆ ನೀವೂ ಬನ್ನಿ. ಕೊನೆಯ ಸಾಲಿನಲ್ಲಿ ಕೂರಬೇಡಿ, ಮುಂದೆ ಬನ್ನಿ.

ಮೊದಲ ಕಾರ್ಯಕ್ರಮಕ್ಕೆ ನನ್ನ ಇಪ್ಪತ್ತು ರೂಪಾಯಿ ಈಗಲೇ ತೆಗೆದಿಟ್ಟಿದ್ದೇನೆ. ಬಾಗಿಲ ಬಳಿ ಹಾಕುವ ಕುರ್ಚಿಯೂ ನನ್ನದೇ.